ಅಸಾಕುಸಾದಲ್ಲಿ ಕೈಗೆ ಬಂದ ಕೋಲು

“ನಿಮ್ಮಲ್ಲೂ ಇಷ್ಟು ದೊಡ್ಡದಿದೆಯಲ್ಲ, ಸ್ವಲ್ಪ ಬಾರಿಸಿ ತೋರಿಸಿ” ಎಂದು ಶಿಕ್ಷಕಿ ಕೋಲುಗಳನ್ನು ಕೈಗಿತ್ತಾಗ ನನ್ನ ಮುಖ ಸಣ್ಣದಾಯಿತು. ತಪ್ಪು ನನ್ನದೇ. ನಮ್ಮ ಡೊಳ್ಳಿನ ಮುಂದೆ ಈ ಜಪಾನಿ ನಗಾರಿ ತೈಕೊ ಏನು ಎಂದು ಪಾಠಕ್ಕೆ ಮೊದಲೇ ಮೊಬೈಲಿನಲ್ಲಿ ವಿಡಿಯೊ ತೋರಿಸಿದ್ದೆ. ಡೊಳ್ಳನ್ನು ನಾನು ಜನ್ಮದಲ್ಲಿ ಮುಟ್ಟಿದವನಲ್ಲ.

ಊರಿನಿಂದ ಬಂದ ಭಾವನಿಗೆ ಟೋಕಿಯೊ ಸುತ್ತಿಸುತ್ತಾ, ಅಲ್ಲಿನ ಅಸಾಕುಸಾದಲ್ಲಿ ಒಂದು ಗಂಟೆಯ ತೈಕೊ ಪಾಠಕ್ಕೂ ಹಣ ಕಟ್ಟಿದ್ದೆ. ಒಂದೇ ಮರದ ದಿಮ್ಮಿಯನ್ನು ಕೊರೆದು, ಎರಡೂ ಬದಿಗೆ ದನದ ಚರ್ಮ ಬಿಗಿದು ಮೊಳೆ ಹೊಡೆದ ವಾದ್ಯ. ಮೊದಲು ಬಾಯಿಪಾಠ: ನಡುವಿಗೆ ಹೊಡೆದರೆ ‘ಡೊನ್’, ಅಂಚಿಗೆ ‘ಕಾ’, ಬೇಗ ಎರಡು ಹೊಡೆದರೆ ‘ಡೊಕೊ’. ನಮ್ಮ ತಕಧಿಮಿಯ ದಾಯಾದಿಗಳು. ನಾನು ಎಡವಿದ್ದು ‘ಸು’ ಎಂಬಲ್ಲಿ. ಅಲ್ಲಿ ಕೈ ಎತ್ತಿ ಸುಮ್ಮನಿರಬೇಕು. ಎಲ್ಲರೂ ಸುಮ್ಮನಿದ್ದಾಗ ನನ್ನದೊಂದೇ ‘ಡೊನ್’! ಶಿಕ್ಷಕಿ ನಕ್ಕು, ನನ್ನ ಮೊಣಕೈಯನ್ನು ಇನ್ನೂ ಮೇಲಕ್ಕೆತ್ತಿದರು.

ಯಾರ ಮಗ, ಯಾವ ಕೇರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಮ್ಮೂರ ಬೀರಪ್ಪನ ಜಾತ್ರೆಯಲ್ಲಿ ಡೊಳ್ಳು ಹೊರುವವರು ಬೇರೆ, ಕಟ್ಟೆಯ ಮೇಲೆ ಕೂತು ನೋಡುವ ನಾವು ಬೇರೆ. ಕಾಯಿಸಿ ಗೋಡೆಗೆ ಒರಗಿಸಿಟ್ಟಿದ್ದ ಹಲಗೆ ವಾದ್ಯಕ್ಕೆ ಒಮ್ಮೆ ಬೆರಳು ತಾಗಿಸಿದ್ದಕ್ಕೆ ಅಜ್ಜಿ ನನ್ನನ್ನು ನೇರ ಬಚ್ಚಲಿಗೆ ಕಳಿಸಿದ್ದಳು. ಮಂತ್ರಿಗಳ ಸ್ವಾಗತಕ್ಕೆ, ಗಣಪತಿಯ ಮೆರವಣಿಗೆಗೆ ಡೊಳ್ಳು ಬೇಕು. ನೋಡಲು ನಿಂತವನ ಕೈಗೆ ಒಂದು ಕೋಲು ಕೊಡೋಣವೆಂದು ನಮಗೆ ಹೊಳೆಯುವುದಿಲ್ಲ. ಮೈಸೂರಿಗೆ ಬರುವ ಪ್ರವಾಸಿಗನಿಗೆ ಅರಮನೆಯ ದೀಪ ತೋರಿಸಿ, ಮೈಸೂರ್ ಪಾಕ್ ಕಟ್ಟಿಕೊಟ್ಟು ಕಳಿಸುತ್ತೇವೆ, ಅಷ್ಟೆ.

ಸರಿ, ಜಪಾನಿನವರನ್ನೂ ತೀರಾ ಹೊಗಳಲಾಗದು. ವೇದಿಕೆಯ ಮೇಲೆ ಹತ್ತಾರು ತೈಕೊ ಜೋಡಿಸಿ ಬಾರಿಸುವ ಪದ್ಧತಿ ಶುರುವಾದದ್ದೇ 1951ರಲ್ಲಿ, ನಾಗಾನೊ ಸೀಮೆಯ ಜಾಝ್ ವಾದಕ ಒಗುಚಿ ದೈಹಾಚಿ ಅವರಿಂದ. ಬೀರಪ್ಪನ ಸೇವೆಯನ್ನು ಗಂಟೆಯ ಲೆಕ್ಕಕ್ಕೆ ಇಳಿಸುವುದು ಅಷ್ಟು ಸುಲಭವೂ ಅಲ್ಲ. ಚರ್ಮದ ಕಥೆಯನ್ನಂತೂ ಆಮೇಲೆ ಓದಿದೆ. ದೇವಸ್ಥಾನಕ್ಕೆ ತೈಕೊ ಬೇಕು, ಅದನ್ನು ಮಾಡುವ ಒಸಾಕಾದ ನಾನಿವಾ ಕೇರಿಯವರು ಮಾತ್ರ ತಲೆಮಾರುಗಳಿಂದ ಹೊರಗಿನವರು. ಅಲ್ಲಿನ ಯುವಕರು ತಾವೇ ಬಾರಿಸಲು ತಂಡ ಕಟ್ಟಿದ್ದು 1987ರಲ್ಲಿ. ಅಜ್ಜಿಯ ಬಚ್ಚಲು ಅಲ್ಲೂ ಇತ್ತೆಂದಾಯಿತು.

ಹೆಬ್ಬೆರಳಿನ ಬೊಬ್ಬೆ ಒತ್ತಿಕೊಳ್ಳುತ್ತಾ ಮೆಟ್ರೊದಲ್ಲಿ ಕೂತಾಗ ಭಾವ ಮೆಲ್ಲಗೆ ಹೇಳಿದ: “ನಮ್ಮ ಹುಡುಗಿ ಎರಡು ವರ್ಷದಿಂದ ಶಾಲೆಯಲ್ಲಿ ಡೊಳ್ಳು ಬಾರಿಸುತ್ತಾಳೆ. ನೀನು ಕೇಳಲೇ ಇಲ್ಲವಲ್ಲ.”