ದೀಪ ಬದಲಾಯಿತು ಸರಿ, ಪಾಯಿಂಟ್ ತಿರುಗಿತಾ?

ಮಳೆಗಾಲ ಅಂದರೆ ನನಗೆ ರೈಲಿನ ಕಾಲ. ಹೊನ್ನಾವರದ ಮನೆ ಅಟ್ಟದಲ್ಲಿ ಪ್ಲೈವುಡ್ ಹಾಸಿ ಹೊನ್ನಾವರ ಸ್ಟೇಷನ್ನನ್ನೇ ಕಟ್ಟಿಕೊಂಡಿದ್ದೇನೆ. 1:87 ಅಳತೆಯ ಎಚ್‌ಒ ಮಾದರಿ, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲಿನ ಪುಟ್ಟ ರೈಲು. ಶರಾವತಿ ಸೇತುವೆ ಮಾತ್ರ ಆಗಲಿಲ್ಲ. ನಿಜವಾದದ್ದು ಎರಡು ಕಿಲೋಮೀಟರಿಗೂ ಜಾಸ್ತಿ, ಕೊಂಕಣ ರೈಲ್ವೆಯಲ್ಲೇ ಉದ್ದದ್ದು. 87ರಿಂದ ಭಾಗಿಸಿದರೂ 23 ಮೀಟರ್ ದಾಟುತ್ತದೆ. ಕಟ್ಟಿದರೆ ಅಟ್ಟದಿಂದ ಹೊರಟು ಬಾವಿಕಟ್ಟೆ ಮುಟ್ಟುತ್ತಿತ್ತು! ಮೂರು ಅಂಕಣ ಮಾಡಿ ಕೈಬಿಟ್ಟೆ. 2022ರಲ್ಲಿ ಇಡೀ ಮಾರ್ಗಕ್ಕೆ ಕರೆಂಟ್ ಬಂದರೂ ನನ್ನ ಹೊನ್ನಾವರದಲ್ಲಿ ಇನ್ನೂ ಡೀಸೆಲ್ಲೇ.

ಆದರೆ ಹೇಳಬೇಕಾದದ್ದು ಪಾಯಿಂಟ್ ವಿಷಯ, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ. ನಮ್ಮಲ್ಲಿ ಒಂದೇ ಹಳಿ. ಎದುರಿಂದ ರೈಲು ಬಂದರೆ ಒಂದು ರೈಲು ಲೂಪಿಗೆ, ಅಂದರೆ ಪಕ್ಕದ ಹಳಿಗೆ, ಸರಿಯಲೇಬೇಕು. ಹಾಗಾಗಿ ಪಾಯಿಂಟ್ ಕೈಕೊಟ್ಟರೆ ಆಟ ಮುಗೀತು.

ಹೋದ ತಿಂಗಳು ಹಾಗೇ ಆಯಿತು. ಮೇನ್ ಲೈನಿನಲ್ಲಿ ಗೂಡ್ಸ್ ನಿಂತಿತ್ತು. ಅಕ್ಕನ ಮಗ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸನ್ನು ಲೂಪಿಗೆ ತರಬೇಕಿತ್ತು. ಗುಂಡಿ ಒತ್ತಿದ. ಪ್ಯಾನೆಲ್ಲಿನಲ್ಲಿ ಲೂಪಿನ ಹಸಿರು ದೀಪ ಹತ್ತಿತು. ಬೆರಳು ಗುಂಡಿ ಮೇಲೇ ಇಟ್ಟುಕೊಂಡು ರೈಲು ಬಿಟ್ಟ. ಅದು ನೇರ ಹೋಗಿ ಗೂಡ್ಸಿಗೆ ಗುದ್ದಿತು. ಕೆಳಗಿಂದ ಹೆಂಡತಿ, "ಎಂತ ಸುಟ್ಟ ವಾಸ್ನೆ ಬತ್ತಾ ಇದ್ದು?" ಅಂದಳು. ಇವನು ಮುಖ ಸಣ್ಣ ಮಾಡಿಕೊಂಡು, "ಮಾವ, ದೀಪ ಹಸಿರೇ ಇದ್ದಿತ್ತಲಾ" ಅಂದ.

ಅವನದು ತಪ್ಪಿಲ್ಲ, ವೈರಿಂಗ್ ಮಾಡಿದವನದು. ಅಂದರೆ ನನ್ನದು.

ಪಾಯಿಂಟ್ ತಿರುಗಿಸಲು ನಾನು ಹಾಕಿದ್ದು ಎರಡು ಕಾಯಿಲಿನ ಸೊಲೆನಾಯ್ಡ್. ಕರೆಂಟ್ ಹರಿದರೆ ಒಳಗಿನ ಕಡ್ಡಿಯನ್ನು ಎಳೆಯುವ ತಂತಿ ಸುರುಳಿ ಅದು. ಆ ಕಡೆಗೊಂದು ಕಾಯಿಲ್, ಈ ಕಡೆಗೊಂದು. ಅದಕ್ಕೆ ಒಂದು ಕ್ಷಣದ ಏಟು ಸಾಕು, ಬೆರಳು ಇಟ್ಟೇ ಇದ್ದರೆ ಸುಟ್ಟುಹೋಗುತ್ತದೆ. ಉಪ್ಪು ಗಾಳಿಗೆ ಒಳಗಿನ ಕಡ್ಡಿ ತುಕ್ಕು ಹಿಡಿದು ಕೂತಿತ್ತು, ಅಲ್ಲಾಡಲೇ ಇಲ್ಲ. ದೀಪ ಮಾತ್ರ ಬದಲಾಯಿತು. ಯಾಕೆಂದರೆ ದೀಪಕ್ಕೆ ವೈರ್ ಹೋಗಿದ್ದು ಗುಂಡಿ ಪಕ್ಕದ ರಿಲೇಯಿಂದ, ಅಂದರೆ ಕರೆಂಟಿನಿಂದ ತಿರುಗುವ ಸ್ವಿಚ್ಚಿನಿಂದ. ಅದಕ್ಕೆ ಗುಂಡಿ ಒತ್ತಿದ್ದು ಗೊತ್ತೇ ಹೊರತು ಪಾಯಿಂಟ್ ಸುದ್ದಿ ಏನೂ ಗೊತ್ತಿಲ್ಲ.

ಕಾಯಿಲ್ ಸುಡುವುದಕ್ಕೆ ಮದ್ದು ಸುಲಭ. ನಡುವೆ ಒಂದು ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್ ಹಾಕಿದೆ. ಕೆಪಾಸಿಟರ್ ತುಂಬಿಕೊಂಡಿದ್ದನ್ನು ಒಂದೇ ಏಟಿಗೆ ಸುರಿಯುತ್ತದೆ. ಆಮೇಲೆ ಗಂಟೆಗಟ್ಟಲೆ ಗುಂಡಿ ಒತ್ತಿ ಹಿಡಿದರೂ ಕಾಯಿಲ್ ಸುಡುವಷ್ಟು ಕರೆಂಟ್ ಹೋಗುವುದಿಲ್ಲ.

ನನ್ನ ಜಗಳ ಇರುವುದು ದೀಪದ ಮೇಲೆ. ನಿಜವಾದ ರೈಲ್ವೆಯಲ್ಲಿ ಪಾಯಿಂಟಿನ ನಾಲಿಗೆ (ಅತ್ತಿತ್ತ ಸರಿಯುವ ಚೂಪು ಹಳಿ) ಪಕ್ಕದ ಹಳಿಗೆ ಕಚ್ಚಿ ಕೂತು ಬೀಗ ಬಿದ್ದದ್ದು ಖಾತ್ರಿಯಾಗದೆ ಸಿಗ್ನಲ್ ಸಿಗುವುದಿಲ್ಲ. ನಡುವೆ 5 ಮಿಲಿಮೀಟರ್ ದಪ್ಪದ ತುಂಡು ಇಟ್ಟು ಪರೀಕ್ಷೆ ಮಾಡುತ್ತಾರೆ, ಆಗ ಬೀಗ ಬೀಳಬಾರದು. ನಾವು ಇಂಜಿನ್ನಿನ ಬಣ್ಣ, ಬೋಗಿಯ ಕಿಟಕಿ ಎಲ್ಲ ಥೇಟ್ ಹಾಗೇ ಇರಬೇಕು ಅಂತ ಸಾಯುತ್ತೇವೆ. ಇದನ್ನು ಮಾತ್ರ ಬಿಟ್ಟುಬಿಡುತ್ತೇವೆ. ಮೊಬೈಲ್‌ನಿಂದ ಪಾಯಿಂಟ್ ತಿರುಗಿಸುವ ಗೆಳೆಯರೂ ಇದ್ದಾರೆ. ಅವರ ಪರದೆ ಮೇಲಿನ ಹಸಿರೂ ಎಷ್ಟೋ ಸಲ ನನ್ನ ಹಸಿರಿನ ಜಾತಿಯದೇ. ಆಜ್ಞೆ ಹೋಯಿತು ಅನ್ನುತ್ತದೆ, ಕೆಲಸ ಆಯಿತಾ ಅಂದರೆ ಸುಮ್ನೆ ಇರುತ್ತದೆ.

ಈಗ ನಾಲಿಗೆಯನ್ನು ಎಳೆಯುವ ಪಟ್ಟಿಯ ಎರಡೂ ತುದಿಗೆ ಒಂದೊಂದು ಮೈಕ್ರೋಸ್ವಿಚ್, ಅಂದರೆ ಒತ್ತಿದರೆ ಕೆಲಸ ಮಾಡುವ ಪುಟ್ಟ ಸ್ವಿಚ್, ಕೂರಿಸಿದ್ದೇನೆ. ನಾಲಿಗೆ ಆ ಕಡೆ ಪೂರ್ತಿ ಸರಿದು ಸ್ವಿಚ್ ಒತ್ತಿದರೆ ಮಾತ್ರ ಆ ಕಡೆಯ ದೀಪ ಹತ್ತುತ್ತದೆ. ಒಂದೇ ಯಾಕೆ ಸಾಲದು? ಒಂದೇ ಇದ್ದರೆ ಯಾವಾಗಲೂ ಯಾವುದೋ ಒಂದು ದೀಪ ಉರಿಯುತ್ತಲೇ ಇರುತ್ತದೆ. ಎರಡಿದ್ದರೆ, ನಾಲಿಗೆ ನಡುವೆ ಸಿಕ್ಕಿಕೊಂಡಾಗ ಎರಡೂ ಆರುತ್ತವೆ. ಆ ಕತ್ತಲೆಯೇ ನನಗೆ ಬೇಕಾದದ್ದು. 12 ವೋಲ್ಟ್, ಪ್ರತಿ ಎಲ್‌ಇಡಿಗೆ 1 ಕಿಲೋ ಓಮ್ ರೆಸಿಸ್ಟರ್, ಅಷ್ಟೇ. ಸ್ವಿಚ್ಚಿನ ಸ್ಪ್ರಿಂಗ್ ಮಾತ್ರ ಮೆತ್ತಗಿರಬೇಕು. ಗಟ್ಟಿಯಾದರೆ ಸೊಲೆನಾಯ್ಡ್ ತಳ್ಳಲಾರದು. ಮೊದಲ ಜೋಡಿ ಹಾಗೇ ದಂಡವಾಯಿತು.

ಮೊನ್ನೆ ಭಾನುವಾರ ಎರಡೂ ದೀಪ ಆರಿದವು. ಹುಡುಗ ಯಾರೂ ಹೇಳದೆ ರೈಲು ನಿಲ್ಲಿಸಿದ. ಬಗ್ಗಿ ನೋಡಿದರೆ ನಾಲಿಗೆ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಜಲ್ಲಿ ಕಾಳು. ಸೇಫ್ಟಿ ಪಿನ್ನಿನಿಂದ ಎಬ್ಬಿಸಿದ, ಹಸಿರು ಬಂತು.

ಇನ್ನೂ ನಾಲ್ಕು ಪಾಯಿಂಟ್ ಬಾಕಿ. ಹುಬ್ಬಳ್ಳಿಗೆ ಹೋಗುವವರು ಯಾರಾದರೂ ಇದ್ದರೆ ಹೇಳಿ ಮಾರಾಯ್ರೇ, ಎಂಟು ಮೈಕ್ರೋಸ್ವಿಚ್ ತರಿಸಬೇಕು. ಮೆತ್ತನೆ ಸ್ಪ್ರಿಂಗಿನದು.