ಪಕ್ಕಾ ಬಿಲ್ಲಿನ ಕಲಾವಿದರು

ಕಲಬುರಗಿಯಲ್ಲಿ ನಾಟಕ ಆಡಬೇಕೆನ್ನುವವರು ಮೊದಲು ಕಲಿಯಬೇಕಾದದ್ದು ಮಾತಲ್ಲ, ನಡೆಯಲ್ಲ, ರಂಗಗೀತೆಯೂ ಅಲ್ಲ. ಪಕ್ಕಾ ಬಿಲ್ಲಿಗೂ ಕಚ್ಚಾ ಬಿಲ್ಲಿಗೂ ಇರುವ ಫರಕು. ಪಕ್ಕಾ ಅಂದರೆ ಜಿಎಸ್‌ಟಿ ನಂಬರು ಅಚ್ಚಾದದ್ದು. ಕಚ್ಚಾ ಅಂದರೆ ನಾಟಕಕ್ಕೆ ನಿಜವಾಗಿ ಖರ್ಚಾದದ್ದು.

ಸರ್ಕಾರಿ ಅನುದಾನದ ಕಡತ ರಂಗಭೂಮಿಯನ್ನು ನೋಡುವುದು ಈ ಒಂದೇ ಕಣ್ಣಿನಿಂದ. ಫ್ಲೆಕ್ಸ್ ಅಂಗಡಿಗೆ ನಂಬರಿದೆ. 20 ಅಡಿ ಉದ್ದ, 10 ಅಡಿ ಎತ್ತರ, 200 ಚದರ ಅಡಿ ಎಂದು ಅಳತೆಯೂ ಇದೆ. ಶಾಮಿಯಾನಾದವರಿಗೆ ಇದೆ, ಶಾಲು-ಪೇಟದ ಅಂಗಡಿಗೆ ಇದೆ. ಇವರೆಲ್ಲ ಕಲಾವಿದರು. ನಲವತ್ತು ದಿನ ತಾಲೀಮಿಗೆ ಬಂದ ಪೇಟಿ (ಹಾರ್ಮೋನಿಯಂ) ಮಾಸ್ತರರಿಗೆ ಮಾತ್ರ ನಂಬರಿಲ್ಲ. ಇರಬೇಕಾಗಿಯೂ ಇಲ್ಲ. ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ತಾನೆ ನೋಂದಣಿ ಕಡ್ಡಾಯ? ಮಾಸ್ತರರು ಆ ಗೆರೆ ಮುಟ್ಟಬೇಕಾದರೆ ಹಬ್ಬ-ಹುಣ್ಣಿಮೆ ಬಿಡದೆ ದಿನಕ್ಕೆ ಸುಮಾರು 5,500 ರೂಪಾಯಿ ದುಡಿಯಬೇಕು. ಅಷ್ಟು ದುಡಿಯುವವರು ಪೇಟಿ ಬಾರಿಸುವುದಿಲ್ಲ, ಉದ್ಘಾಟನೆಗೆ ಬರುತ್ತಾರೆ.

ಕಡತ ನೋಡುವವರು ತಂಡದವರನ್ನು ಕೇಳುತ್ತಾರೆ, “ಮಾಸ್ತರ್ರದು ಪಕ್ಕಾ ಬಿಲ್ ಇಲ್ಲೇನ್ರೀ?”

“ಪೇಟಿ ಬಾರಸವ್ರು ಬಿಲ್ ಎಲ್ಲಿಂದ ತರಬೇಕ್ರೀ ಸರ? ವೋಚರ್ ಮ್ಯಾಲ ಸಹಿ ಮಾಡ್ಯಾರ. 5,000 ದಾಟ್ಯದಂತ ಒಂದ್ ರೂಪಾಯಿ ರೆವಿನ್ಯೂ ಸ್ಟಾಂಪೂ ಹಚ್ಚೀವಿ.”

“ಹಂಗಾದ್ರ ಅದೇ ರೊಕ್ಕಕ್ಕ ಇನ್ನೊಂದ್ ಫ್ಲೆಕ್ಸ್ ಬಿಲ್ ಇಡ್ರಿ. ಆಡಿಟ್‌ದಾಗ ಫ್ಲೆಕ್ಸಿಗಿ ಯಾರೂ ಏನೂ ಅನ್ನಲ್ಲ.”

ಹೀಗೆ ಮಾಸ್ತರರು ಕಡತದಲ್ಲಿ ಫ್ಲೆಕ್ಸ್ ಆಗುತ್ತಾರೆ. ಪರಊರಿನಿಂದ ಬಂದ ನಟಿ ನೂರು ಕುರ್ಚಿಗಳಾಗುತ್ತಾರೆ. ಬಣ್ಣ ಹಚ್ಚುವವರು ಚಹಾ-ಉಪ್ಪಿಟ್ಟು ಆಗುತ್ತಾರೆ. ಪರಕಾಯ ಪ್ರವೇಶ ಎಂದು ನಟನೆಯ ಪಾಠದಲ್ಲಿ ಹೇಳುವುದು ಇದನ್ನೇ ಇರಬೇಕು.

ದುಡ್ಡು ಬರುವ ಕ್ರಮವೂ ಸೊಗಸು. ಮೊದಲು ನಾಟಕ ಆಡಬೇಕು. ಆಮೇಲೆ ಫೋಟೊ, ಪತ್ರಿಕೆಯ ತುಣುಕು, ಲೆಕ್ಕಪರಿಶೋಧಕರ ಮೊಹರು, ಹಣ ಬಳಕೆ ಪ್ರಮಾಣಪತ್ರ. ಬಾರದ ಹಣವನ್ನು ಬಳಸಿದ್ದೇವೆ ಎಂದು ಪ್ರಮಾಣ ಮಾಡಿದ ಮೇಲೆ ಆ ಹಣ ಬರುತ್ತದೆ. ಅಲ್ಲಿಯವರೆಗೆ ಸಾಹುಕಾರರೇ ಸಂಸ್ಕೃತಿ ಪೋಷಕರು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ 50,000 ತಂದರೆ ತಿಂಗಳಿಗೆ 1,500, ಎಂಟು ತಿಂಗಳಿಗೆ 12,000. ಬಡ್ಡಿಗೆ ಪಕ್ಕಾ ಬಿಲ್ ಕೊಡುವ ಸಾಹುಕಾರ ಇನ್ನೂ ಹುಟ್ಟಿಲ್ಲ. ಹಾಗಾಗಿ ಅದೂ ಫ್ಲೆಕ್ಸ್.

ಟಿಕೆಟ್ ಮಾರಬಾರದೇ ಎಂದು ಕೇಳುವವರುಂಟು. ಮಾರಬಹುದು. ನಾಟಕದ ಟಿಕೆಟ್ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿಯೂ ಇಲ್ಲ. ಆದರೆ ಪುಕ್ಕಟೆ ಪಾಸ್ ಇದೆ. ಈ ಭಾಗದವರಿಗೆ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲು ಕೊಡಿಸಲು ಸಂವಿಧಾನವನ್ನೇ ತಿದ್ದಿ 371(ಜೆ) ಕಲಂ ಸೇರಿಸಬೇಕಾಯಿತು. ಮೊದಲ ಮೂರು ಸಾಲಿನ ಮೀಸಲಿಗೆ ಒಂದು ಫೋನ್ ಸಾಕು. ಆ ಮೂರು ಸಾಲು ಉದ್ಘಾಟನೆ ಮುಗಿದೊಡನೆ ಎದ್ದು ಹೋಗುತ್ತದೆ. ನೂರು ರೂಪಾಯಿ ಕೊಟ್ಟವರು ಹಿಂದಿನಿಂದ ಖಾಲಿ ಸೋಫಾಗಳ ಮೇಲಿಂದ ನಾಟಕ ನೋಡುತ್ತಾರೆ. ಇದೇ ಊರಿನಲ್ಲಿ, ಹೋಳಿ ಹುಣ್ಣಿಮೆಯಾದ ಐದನೇ ದಿನ ತೇರು ಎಳೆಯುವ ಶರಣಬಸವೇಶ್ವರ ಜಾತ್ರೆಗೆ ಟೆಂಟು ಹೊಡೆಯುವ ನಾಟಕ ಕಂಪನಿಗಳು ಬಾಗಿಲಲ್ಲೇ ರೊಕ್ಕ ಎಣಿಸಿಕೊಂಡು ಒಳಗೆ ಬಿಡುತ್ತವೆ. ಅವರಿಗೆ ಸಂಸ್ಕೃತಿ ಗೊತ್ತಿಲ್ಲ.

ಇನ್ನು ಬೆಳಕಿನ ವಿಷಯ. 1,000 ವ್ಯಾಟಿನ ಒಂದು ಪಾರ್ ದೀಪ 230 ವೋಲ್ಟಿನಲ್ಲಿ ಎಳೆಯುವುದು 4.35 ಆಂಪಿಯರ್. 15 ಆಂಪಿಯರಿನ ಸಾಕೆಟ್ಟಿಗೆ ಮೂರು ದೀಪ ಹಾಕಿದರೆ 13, ಸರಿಯಾಯಿತು. ನಾಲ್ಕನೆಯದು ಹಾಕಿದರೆ 17 ದಾಟಿ ಫ್ಯೂಸ್ ಹೋಗಬಹುದು. ಇದು ಲೈಟಿನ ಹುಡುಗನಿಗೆ ಗೊತ್ತು, ಅದಕ್ಕೇ ಮೂರೇ ಹಾಕಿರುತ್ತಾನೆ. ಅತಿಥಿಗಳ ಹಿಂದೆ ಬಂದವರು ಬೋರ್ಡಿನಲ್ಲಿ ಖಾಲಿ ತೂತು ಕಂಡು ವೇದಿಕೆಯ ಸೀರಿಯಲ್ ಸೆಟ್ಟು, ಎರಡು ದೊಡ್ಡ ಕೂಲರು ಎಲ್ಲವನ್ನೂ ಅಲ್ಲಿಗೇ ಚುಚ್ಚುತ್ತಾರೆ. ಆ ಕತ್ತಲನ್ನು ಜನ ದೃಶ್ಯ ಬದಲಾವಣೆ ಎಂದುಕೊಂಡು ಚಪ್ಪಾಳೆ ತಟ್ಟುತ್ತಾರೆ. ಕೂಲರನ್ನು ಬೇರೆ ಲೈನಿಗೆ ಹಾಕಿದರೂ ಪಾರಿಲ್ಲ, ಕಾಲರ್ ಮೈಕಿಗೆ ಅದರ ಗರ್ಜನೆಯೇ ಮೊದಲು ಕೇಳುವುದು. ಏಪ್ರಿಲ್‌ನಲ್ಲಿ ಕೂಲರ್ ಆರಿಸಿದರೆ ಪ್ರೇಕ್ಷಕರು ಹೋಗುತ್ತಾರೆ, ಹಚ್ಚಿದರೆ ಮಾತು ಹೋಗುತ್ತದೆ. ಅನುಭವಸ್ಥ ನಿರ್ದೇಶಕರು ಪ್ರೇಕ್ಷಕರನ್ನು ಉಳಿಸಿಕೊಂಡು ಮಾತನ್ನು ಬಿಟ್ಟುಕೊಡುತ್ತಾರೆ.

ನಾಡಗೀತೆ ಹಾಡಲು 2 ನಿಮಿಷ 30 ಸೆಕೆಂಡ್ ಎಂದು ಸರ್ಕಾರ 2022ರಲ್ಲೇ ಗೊತ್ತು ಮಾಡಿದೆ. ಪ್ರಾಸ್ತಾವಿಕ ನುಡಿಗೆ ಅಂಥ ಆದೇಶ ಇನ್ನೂ ಹೊರಟಿಲ್ಲ. ಆರಕ್ಕೆ ಕರೆದ ನಾಟಕ ಒಂಬತ್ತಕ್ಕೆ ಶುರುವಾದರೆ ಹತ್ತಕ್ಕೆ ವಾಚ್‌ಮನ್ ಬೀಗದ ಗೊಂಚಲು ಕುಣಿಸುತ್ತ ಬರುತ್ತಾನೆ, “ಸೌಂಡ್ ಬಂದ್ ಮಾಡ್ರಿ, ಕಾನೂನದ.” ರಾತ್ರಿ ಹತ್ತರ ಧ್ವನಿವರ್ಧಕ ನಿಷೇಧದಿಂದ ಮುಚ್ಚಿದ ಸಭಾಂಗಣಗಳನ್ನು 2000ದ ನಿಯಮವೇ ಹೊರಗಿಟ್ಟಿದೆ. ಅದನ್ನು ಓದಿ ಹೇಳುವಷ್ಟರಲ್ಲಿ ಹತ್ತೂಕಾಲು. ನಾಯಕ ಎರಡು ದೃಶ್ಯ ನುಂಗಿ ನೇರವಾಗಿ ಸಾಯುತ್ತಾನೆ.

ಇದನ್ನೆಲ್ಲ ಬರೆಯಬೇಕಾದ ಪತ್ರಿಕೋದ್ಯಮ ವಿದ್ಯಾರ್ಥಿಗಳ ಪ್ರಾಯೋಗಿಕ ಪತ್ರಿಕೆಯದೂ ಇದೇ ಪಾಡು. ಆಫ್‌ಸೆಟ್ಟಿನಲ್ಲಿ ನೂರು ಪ್ರತಿಗೂ ಸಾವಿರ ಪ್ರತಿಗೂ ಪ್ಲೇಟಿನ ಖರ್ಚು ಒಂದೇ. ಆದ್ದರಿಂದ ಸಾವಿರ ಹಾಕಿಸುತ್ತಾರೆ; ಅಂಕಕ್ಕೆಂದು ಹತ್ತು ಹೋಗುತ್ತವೆ, ಉಳಿದವು ಮಿರ್ಚಿ ಭಜಿಗೆ. ನಾಟಕದ ವಿಮರ್ಶೆಗೆ ಇಟ್ಟ ಜಾಗ ಕೊನೆ ಗಳಿಗೆಯಲ್ಲಿ ಹುಟ್ಟುಹಬ್ಬದ ಶುಭಾಶಯಕ್ಕೆ ಹೋಗಿರುತ್ತದೆ. ಜಾಹೀರಾತಿನ ರೊಕ್ಕ ಬಾಕಿ.

ಹಾಗೆಂದು ಎಲ್ಲವೂ ವ್ಯರ್ಥವಲ್ಲ. 200 ಚದರ ಅಡಿಯ ಫ್ಲೆಕ್ಸ್ ಗಟ್ಟಿ ಮಾಲು. ಅಂಚಿಗೆ ಹಿತ್ತಾಳೆಯ ಕಣ್ಣು ಹೊಡೆದಿರುತ್ತದೆ, ಹಗ್ಗ ಕಟ್ಟಲು ಅನುಕೂಲ. ರಾಶಿಯ ದಿನಗಳಲ್ಲಿ ಆಳಂದದ ಕಡೆಯ ಕಣದಲ್ಲಿ ಅದರ ಮೇಲೆ ತೊಗರಿ ಹರವಿರುತ್ತಾರೆ. ಅತಿಥಿಗಳ ಹನ್ನೆರಡು ಮುಖ ತೊಗರಿಯ ಕೆಳಗೆ ನಗುತ್ತಿರುತ್ತವೆ. ನಟರ ಹೆಸರು ಹುಡುಕಿದರೆ ಕೆಳಗಿನ ಮೂಲೆಯಲ್ಲಿದೆ, ಸರಿಯಾಗಿ ಕಣ್ಣು ಹೊಡೆದಲ್ಲಿ.