ಅಪ್ಪನ ರಕ್ತ ಎಲ್ಲಿಗೆ ಹೋಗುತ್ತೆ ಅಂದರು ಭಾವ

ಹೋದ ತಿಂಗಳು ಭಾವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಶನಿವಾರ ಏನಪ್ಪಾ ಮಾಡ್ತೀಯ ಅಂತ ಕೇಳಿದರು. ಒಬ್ಬ ಹುಡುಗನ ಜೊತೆ ಎರಡು ಮೂರು ಗಂಟೆ ಇರ್ತೀನಿ, ಅವನ ಅಪ್ಪ ಮನೆಯಲ್ಲಿ ಹೊಡಿ ಬಡಿ ಮಾಡ್ತಿದ್ದ, ಈಗ ತಾಯಿ ಮಗ ಬೇರೆ ಇದ್ದಾರೆ, ಇಂಥ ಹುಡುಗರಿಗೆ ಅಂತಲೇ ಇಲ್ಲಿ ದೊಡ್ಡವರೊಬ್ಬರನ್ನು ಜೊತೆ ಮಾಡಿ ಕೊಡ್ತಾರೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕರು. "ನೀನು ಏನೇ ಮಾಡು, ಅಪ್ಪನ ರಕ್ತ ಎಲ್ಲಿಗೆ ಹೋಗುತ್ತೆ? ನಾಳೆ ಅವನೂ ಹೆಂಡತಿಗೆ ಹೊಡೀತಾನೆ, ನೋಡ್ತಾ ಇರು."

ಭಾವ ಕೆಟ್ಟವರಲ್ಲ. ಅಕ್ಕನನ್ನು ಒಂದು ದಿನ ಗದರಿದ್ದನ್ನೂ ನಾನು ಕಂಡಿಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು.

ನಾನು ಕೆನಡಾದ ಒಂಟಾರಿಯೊದಲ್ಲಿ ಇರುವುದು. ಇಲ್ಲಿ ಇಂಥ ಹುಡುಗರಿಗೆ ಜೊತೆಗಾರ, ಅಂದರೆ ಮೆಂಟರ್ ಆಗುವುದು ಸುಲಭ ಅಂದುಕೊಂಡಿದ್ದೆ. ಪೊಲೀಸರಿಂದ ಪತ್ರ ತರಬೇಕು, ಪರಿಚಯದವರು ನನ್ನ ಬಗ್ಗೆ ಬರೆದು ಕೊಡಬೇಕು, ಮನೆಗೇ ಬಂದು ಮಾತಾಡಿಸುತ್ತಾರೆ, ಸಿಟ್ಟು ಬಂದಾಗ ಏನು ಮಾಡ್ತೀರಿ ಅಂತ ನನ್ನನ್ನೂ ನನ್ನ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ. ನನಗೆ ಹೆಣ್ಣು ಕೊಟ್ಟವರು ಕೂಡ ಇಷ್ಟು ವಿಚಾರಿಸಿರಲಿಲ್ಲ. ಎಲ್ಲ ಮುಗಿದ ಮೇಲೆ ಅಲ್ಲಿನ ಹೆಂಗಸೊಬ್ಬರು ಒಂದು ಮಾತು ಹೇಳಿದರು. ಬರುವ ಹುಡುಗಿಯರಿಗೆ ಬೇಗ ಜೊತೆ ಸಿಗುತ್ತೆ, ಹುಡುಗರು ತಿಂಗಳುಗಟ್ಟಲೆ ಕಾಯ್ತಾರೆ, ಯಾಕಂದ್ರೆ ಗಂಡಸರು ಬರೋದೇ ಇಲ್ಲ.

ಹುಡುಗನ ಗುರುತು ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಒಂದು ಶನಿವಾರದ ಮಾತು ಮಾತ್ರ ಬರೆಯುತ್ತೇನೆ. ಅವನ ಸೈಕಲ್ಲಿನ ಚೈನ್ ಬಿಗಿ ಮಾಡುತ್ತಿದ್ದೆವು. ಸ್ಪ್ಯಾನರ್ ಜಾರಿ ನನ್ನ ಹೆಬ್ಬೆರಳಿನ ಸಿಪ್ಪೆ ಕಿತ್ತು ಬಂತು. ಬಾಯಿಂದ ಅಚ್ಚ ಕನ್ನಡದ ಬೈಗುಳ ಜೋರಾಗಿ ಹೊರಟೇಬಿಟ್ಟಿತು. ಸ್ಪ್ಯಾನರ್ ನೆಲಕ್ಕೆ ಕುಕ್ಕಿದೆ. ತಿರುಗಿ ನೋಡಿದರೆ ಹುಡುಗ ಅಲ್ಲಿಲ್ಲ. ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ ಹಿಂದೆ ಹೋಗಿ ನಿಂತಿದ್ದ. ಅವನು ಹೋದದ್ದು ನನಗೆ ಕೇಳಿಸಲೇ ಇಲ್ಲ. "ಸಾರಿ" ಅಂದ. ಯಾಕೆ ಸಾರಿ, ಜಾರಿದ್ದು ನನ್ನ ಕೈಯಲ್ವಾ ಅಂದೆ. ಅವನು ಉತ್ತರ ಕೊಡಲಿಲ್ಲ. ನಾನು ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಮತ್ತೆ ಚೈನಿನ ಮುಂದೆ ಕೂತೆ. ತುಂಬ ಹೊತ್ತಾದ ಮೇಲೆ, ಆ ಸೈಕಲ್ ಹಿಂದಿನಿಂದಲೇ, ಅವನ ಇಂಗ್ಲಿಷಿನಲ್ಲಿ ಕೇಳಿದ: "ಅಷ್ಟೇನಾ?"

ಸಿಟ್ಟು ಅಷ್ಟಕ್ಕೇ ಮುಗೀತಾ ಅಂತ. ಮುಂದಿನದು ಯಾವಾಗ ಅಂತ ಕಾಯುತ್ತಿದ್ದ ಪಾಪ.

ಇಂಥ ಹುಡುಗರು ನಮ್ಮಲ್ಲಿ ಇಲ್ಲವಾ? ಬೀದಿಗೊಬ್ಬರು ಇದ್ದಾರೆ. ಆದರೆ ನಮ್ಮಲ್ಲಿ ಅವರನ್ನು ನೋಡುವ ರೀತಿಯೇ ಬೇರೆ. ಅಪ್ಪ ಅಮ್ಮನಿಗೆ ಹೊಡೆದರೆ ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಅಪ್ಪ ಮಗನಿಗೆ ಹೊಡೆದರೆ ಬುದ್ಧಿ ಕಲಿಸಿದ್ದು. ರಾತ್ರಿಯ ಬಾಸುಂಡೆ ಹೊತ್ತು ಶಾಲೆಗೆ ಹೋದರೆ ಹೋಮ್‌ವರ್ಕ್ ಮಾಡಿಲ್ಲ ಅಂತ ಅಲ್ಲೂ ಏಟು. "ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಬಾರ್ಸಿ ಸಾರ್" ಅಂತ ಅಪ್ಪಂದಿರು ಮೇಷ್ಟ್ರಿಗೆ ಹೇಳುವುದನ್ನು ಕೇಳಿ ಬೆಳೆದವರು ನಾವು. ಶಾಲೆಯಲ್ಲಿ ಹೊಡೆಯಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತೆ, ಆದರೂ ಆ ಮಾತು ಇನ್ನೂ ಪೂರ್ತಿ ಹೋಗಿಲ್ಲ. ಅಪ್ಪ ಬಿಟ್ಟು ಹೋದನೋ ಸತ್ತನೋ, ಆಗ ಹತ್ತು ವರ್ಷದವನ ಹೆಗಲ ಮೇಲೆ ಕೈ ಇಟ್ಟು "ಇನ್ನು ಈ ಮನೆಗೆ ನೀನೇ ಗಂಡಸು, ಅಮ್ಮನ್ನ ನೋಡ್ಕೋ" ಅನ್ನುತ್ತಾರೆ. ಅಮ್ಮನನ್ನು ಅವನು ನೋಡಿಕೊಳ್ಳಲಿ, ಅವನನ್ನು? ಹೀಗೆ ಹೇಳಿ ಹೋದ ಹಿರಿಯರಲ್ಲಿ ಒಬ್ಬರಾದರೂ ಮುಂದಿನ ವಾರ ಬಂದು, ಬಾರೋ ಸೈಕಲ್ ರಿಪೇರಿ ಮಾಡೋಣ ಅಂದದ್ದನ್ನು ನಾನು ಕಂಡಿಲ್ಲ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ನೆನಪಿರಬಹುದು. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಆಗಿದೆ ಅಂದಿದ್ದರು. ದೇಶದಲ್ಲೇ ಹೆಚ್ಚು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದು ಸುಮಾರು 21 ಇತ್ತು. ಹಿಂಸೆ ಅಷ್ಟು ಏರಿತೋ, ಬಾಯಿ ಬಿಟ್ಟು ಹೇಳುವವರು ಜಾಸ್ತಿಯಾದರೋ ಅಂತ ಜಗಳ ಆಡಬಹುದು. ನನಗೆ ಆ ಲೆಕ್ಕ ಕಂಡಾಗೆಲ್ಲ ಬಾಗಿಲ ಸಂದಿಯಲ್ಲಿ ನಿಂತು ನೋಡಿದ ಮಕ್ಕಳು ಎಷ್ಟು ಅನ್ನಿಸುತ್ತೆ. 2007ರಲ್ಲಿ ಕೇಂದ್ರ ಸರ್ಕಾರವೇ ಮಾಡಿಸಿದ ಅಧ್ಯಯನದಲ್ಲಿ ಮೂರರಲ್ಲಿ ಎರಡು ಮಕ್ಕಳು ಏಟು ತಿಂದವರು, ಅವರಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಹುಡುಗರು. ಇದು ಯಾರ ಬಾಯಲ್ಲೂ ಬರುವುದಿಲ್ಲ.

ಬರುವುದಿಲ್ಲ ಅಂದೆನಲ್ಲ, ತಪ್ಪು. ಬರುತ್ತೆ, ಹೆಂಗಸರ ಬಾಯಿ ಮುಚ್ಚಿಸಬೇಕಾದಾಗ ಮಾತ್ರ. ಇಲ್ಲಿನ ನಮ್ಮ ಕನ್ನಡದ ಗೆಳೆಯರು ಸೇರಿದಾಗ ಒಮ್ಮೆ 498ಎ, ಅಂದರೆ ಹೆಂಡತಿಗೆ ಗಂಡನೋ ಅವನ ಮನೆಯವರೋ ಹಿಂಸೆ ಕೊಟ್ಟರೆ ಹಾಕುವ ಕೇಸಿನ ಮಾತು ಎದ್ದಿತು. ಈಗ ಅದು ನ್ಯಾಯ ಸಂಹಿತೆಯ 85 ಆಗಿದೆ, ಜಗಳ ಮಾತ್ರ ಅದೇ. ಸುಳ್ಳು ಕೇಸು, ಜೈಲು ಕಂಡ ಅತ್ತೆ, ಗಂಡಸರ ನೋವು ಕೇಳೋರೇ ಇಲ್ಲ, ಎಲ್ಲ ಆಯಿತು. ನಾನು ಸುಮ್ನೆ ಕೂತಿದ್ದವನು, ಇಲ್ಲೇ ಒಂದು ಪಟ್ಟಿ ಇದೆ, ಪೂರ್ತಿ ಗಂಡು ಹುಡುಗರು, ಕೆಲವರು ವರ್ಷದಿಂದ ಕಾಯ್ತಿದ್ದಾರೆ, ತಿಂಗಳಿಗೆ ಎರಡು ಶನಿವಾರ ಕೊಡಿ ಅಂದೆ. ಒಬ್ಬನಿಗೆ ಮಗಳ ಡ್ಯಾನ್ಸ್ ಕ್ಲಾಸ್. ಒಬ್ಬನಿಗೆ ಆಫೀಸು. ಇನ್ನೊಬ್ಬ "ಒಳ್ಳೆ ಕೆಲಸ ಗುರು" ಅಂತ ಬೆನ್ನು ತಟ್ಟಿದ. ಆಮೇಲೆ ಮಾತು ಕ್ರಿಕೆಟ್ಟಿಗೆ ಹೋಯಿತು. ಗಂಡಸರ ನೋವಿಗೆ ಅಷ್ಟು ಮರುಗಿದವರಲ್ಲಿ ಒಬ್ಬನಿಗೂ ಶನಿವಾರ ಪುರುಸೊತ್ತಿಲ್ಲ.

ಇನ್ನೊಂದು ಕಡೆಯವರೂ ಸಿಕ್ಕಿದ್ದಾರೆ. ಒಂದು ಸಭೆಗೆ ಈ ಹುಡುಗರನ್ನೆಲ್ಲ ಕರೆದುಕೊಂಡು ಹೋಗಿದ್ದೆವು. ಮಾತಾಡಿದಾಕೆ ಒಳ್ಳೆಯವರೇ, ಓದಿಕೊಂಡವರೇ. ಆದರೆ ಗಂಡಾಗಿ ಹುಟ್ಟಿದ್ದಕ್ಕೆ ನಿಮ್ಮ ಕೈಯಲ್ಲಿ ಎಷ್ಟು ಬಲ ಇದೆ, ಅದು ಎಷ್ಟು ಅಪಾಯ ಅಂತ ಅರ್ಧ ಗಂಟೆ ಹೇಳಿದರು. ಅಪ್ಪನಿಗೆ ಹೆದರಿ ಮಂಚದ ಕೆಳಗೆ ಮಲಗಿದವನ ಮುಂದೆ! ನನ್ನ ಹುಡುಗ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡ. ಭಾವ ರಕ್ತ ಅಂದರು, ಈಕೆ ಗಂಡಸುತನ ಅಂದರು. ಇಬ್ಬರ ಲೆಕ್ಕದಲ್ಲೂ ಹುಡುಗ ಆಗಲೇ ಅಪರಾಧಿ, ತಾರೀಕು ಮಾತ್ರ ಬರಬೇಕು.

ಹಾಗಂತ ಗಂಡು ಹೆಣ್ಣಿನ ಮಾತೇ ಬೇಡ ಅನ್ನೋಕೂ ಆಗಲ್ಲ. ಇಲ್ಲಿ ಪ್ರತಿ ವರ್ಷ ಡಿಸೆಂಬರ್ 6ಕ್ಕೆ ನೆನಪಿನ ದಿನ. 1989ರಲ್ಲಿ ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜಿಗೆ ಒಬ್ಬ ಬಂದೂಕು ಹಿಡಿದು ಬಂದ. ಒಂದು ಕ್ಲಾಸಿನಲ್ಲಿ ಗಂಡು ಹುಡುಗರನ್ನು ಹೊರಗೆ ಕಳಿಸಿ ಹುಡುಗಿಯರ ಮೇಲೆ ಗುಂಡು ಹಾರಿಸಿದ. ಅವತ್ತು ಒಟ್ಟು 14 ಹೆಣ್ಣುಮಕ್ಕಳು ಸತ್ತರು. ಅದಾದ ಎರಡು ವರ್ಷಕ್ಕೆ, 1991ರಲ್ಲಿ, ಇಲ್ಲಿನ ಗಂಡಸರೇ ಸೇರಿ ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಬಿಳಿ ರಿಬ್ಬನ್ ಚಳವಳಿ ಶುರು ಮಾಡಿದರು. ಆ ಕೊಲೆಗಾರನೂ ಚಿಕ್ಕಂದಿನಲ್ಲಿ ಅಪ್ಪನ ಏಟು ತಿಂದವನು. ಭಾವನಿಗೆ ಇದು ಗೊತ್ತಿದ್ದರೆ ನೋಡು ಅಂತ ಅಲ್ಲೇ ಹಿಡಿದುಬಿಡುತ್ತಿದ್ದರು. ಆದರೆ ಅವನಿಗೊಬ್ಬಳು ತಂಗಿ ಇದ್ದಳು, ಅದೇ ಮನೆಯಲ್ಲಿ ಬೆಳೆದವಳು, ಅವಳು ಬಂದೂಕು ಹಿಡಿಯಲಿಲ್ಲ. ಹಾಗಾದ್ರೆ ತಪ್ಪು ರಕ್ತದ್ದಾ, ಏಟಿನದ್ದಾ, ಹೆಣ್ಣುಮಕ್ಕಳು ನನ್ನ ಜಾಗ ಕಿತ್ತುಕೊಂಡರು ಅನ್ನುವ ಅವನ ಹೊಟ್ಟೆಕಿಚ್ಚಿನದ್ದಾ? ತರಬೇತಿಯಲ್ಲಿ ನಮಗೆ ಹೇಳಿದ್ದು ಇಷ್ಟೇ: ಹಿಂಸೆ ನೋಡಿ ಬೆಳೆದವರಿಗೆ ಅಪಾಯ ಸ್ವಲ್ಪ ಜಾಸ್ತಿ ನಿಜ, ಆದರೆ ಅವರಲ್ಲಿ ಹೆಚ್ಚಿನವರು ಯಾರಿಗೂ ಹೊಡೆಯುವುದಿಲ್ಲ. ಈ "ಹೆಚ್ಚಿನವರು" ಯಾವ ಚರ್ಚೆಯಲ್ಲೂ ಕಾಣಿಸುವುದಿಲ್ಲ.

ಕೆನಡಾ ಸ್ವರ್ಗ ಅಂತ ಬರೆಯೋಕೆ ಹೊರಟಿದ್ದೆ, ಅರ್ಧಕ್ಕೆ ನಿಂತೆ. ತಂದೆ ತಾಯಿ ಮಕ್ಕಳ ಮೇಲೆ ಅಷ್ಟಿಷ್ಟು ಬಲ ಬಳಸಬಹುದು ಅನ್ನುವ ಕಾನೂನನ್ನು ಇಲ್ಲಿನ ಸುಪ್ರೀಂ ಕೋರ್ಟ್ 2004ರಲ್ಲಿ ತೆಗೆದು ಹಾಕಲಿಲ್ಲ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಮಾತ್ರ, ತಲೆಗೆ ಹೊಡೆಯಬಾರದು, ಕೋಲು ಬೆಲ್ಟು ಬಳಸಬಾರದು ಅಂತ ಗೆರೆ ಎಳೆಯಿತು. ನಮ್ಮೂರಿನ "ಕಣ್ಣೊಂದು ಬಿಟ್ಟು" ಅನ್ನುವುದೇ ಇಲ್ಲಿ ಕೋಟು ಹಾಕಿಕೊಂಡು ಬಂದ ಹಾಗಿದೆ.

ಇನ್ನೊಂದು ವಿಷಯ ಒಪ್ಪಿಕೊಳ್ಳೋಕೆ ಕಷ್ಟ. ಒಂದು ಶನಿವಾರ ಹುಡುಗ, ಅಪ್ಪನ ಹತ್ತಿರ ಹೋಗಿದ್ದಾಗ ಏನಾಯಿತು ಅಂತ ಹೇಳಿದ. ಯಾರಿಗೂ ಹೇಳಬೇಡ ಅಂದ. ಒಂಟಾರಿಯೊದ ಕಾನೂನು ಪ್ರಕಾರ ಅನುಮಾನ ಬಂದವರೇ ಖುದ್ದಾಗಿ ಮಕ್ಕಳ ರಕ್ಷಣೆಯವರಿಗೆ ತಿಳಿಸಬೇಕು. ಇನ್ನೊಬ್ಬರಿಗೆ ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಅವತ್ತೇ ಸಂಜೆ ಫೋನ್ ಮಾಡಿದೆ. ಮೂರು ವಾರ ಅವನು ನನ್ನ ಜೊತೆ ಮಾತಾಡಲಿಲ್ಲ. ಬರುತ್ತಿದ್ದ, ಕೂರುತ್ತಿದ್ದ, ಹೋಗುತ್ತಿದ್ದ.

ಆ ಮೂರು ವಾರದಲ್ಲಿ ನನಗೆ ನಮ್ಮ ಪಕ್ಕದ ಮನೆ ಹುಡುಗ ಜಾಸ್ತಿ ನೆನಪಾದ. ಅವರ ಮನೆಯಲ್ಲಿ ರಾತ್ರಿ ಸದ್ದು ಶುರುವಾದರೆ ಅವನು ನಮ್ಮ ಬಾಗಿಲು ಬಡಿಯುತ್ತಿದ್ದ. ಅಮ್ಮ ಬಾಗಿಲು ತೆಗೆದು, ಒಂದು ಮಾತೂ ಕೇಳದೆ, ನನ್ನ ಚಾಪೆ ಪಕ್ಕ ಇನ್ನೊಂದು ಚಾಪೆ ಹಾಸುತ್ತಿದ್ದರು. ಅವನು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿ ಹೋಗಿರುತ್ತಿದ್ದ. ಮೊನ್ನೆ ಅಮ್ಮನನ್ನು ಕೇಳಿದೆ, ಯಾಕಮ್ಮಾ ನೀವ್ಯಾರೂ ಅವರಪ್ಪನನ್ನು ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ ಅಂತ. "ಕೇಳಿದ್ದಿದ್ರೆ ಅವನು ಮತ್ತೆ ಬರ್ತಿರ್ಲಿಲ್ಲ ಕಣೋ" ಅಂದರು.

ಇಲ್ಲಿ ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ನನ್ನ ಹುಡುಗ ಅದರಲ್ಲಿ ಒಂದು ರಾತ್ರಿ ಮಲಗುವ ಹಾಗಿಲ್ಲ, ನಿಯಮ. ಆ ನಿಯಮ ಯಾಕಿದೆ ಅಂತಲೂ ಗೊತ್ತು, ಸರಿ ಅಂತಲೂ ಗೊತ್ತು. ಆದರೂ ಚಾಪೆಯ ಎದುರು ನನ್ನ ಫಾರಂಗಳು ಸಣ್ಣದಾಗಿ ಕಂಡವು.

ಆದರೆ ಪೂರ್ತಿ ಅಮ್ಮನ ಕಡೆ ವಾಲೋಕೂ ಮನಸ್ಸು ಬರುತ್ತಿಲ್ಲ. ಚಾಪೆ ಹಾಸಿದ್ದು ಹುಡುಗನಿಗೆ. ಅವನ ತಾಯಿ ಆ ಮನೆಯಲ್ಲೇ ಇದ್ದಳು. ಅವಳು ಬಾಗಿಲು ಬಡಿದದ್ದು ನನಗೆ ನೆನಪಿಲ್ಲ. ಆ ಹುಡುಗನಿಗೆ ಈಗ ಇಬ್ಬರು ಹೆಣ್ಣುಮಕ್ಕಳು, ಚಿನ್ನದಂಥ ಮನುಷ್ಯ, ಯಾರ ಮೇಲೂ ಕೈ ಎತ್ತಲ್ಲ ಅಂತ ಎಲ್ಲರೂ ಹೇಳುತ್ತಾರೆ. ಭಾವನಿಗೂ ಅದನ್ನೇ ಹೇಳಬೇಕು ಅಂದುಕೊಂಡೆ. ಆಮೇಲೆ ಹೊಳೆಯಿತು, ಅವನ ಹೆಂಡತಿಯನ್ನು ನಾವ್ಯಾರೂ ಕೇಳಿಲ್ಲ.

ಈ ಶನಿವಾರ ಮಳೆ. ಸೈಕಲ್ ಹೊರಗೆ ತೆಗೆಯೋಕಾಗಲಿಲ್ಲ, ಲೈಬ್ರರಿಯಲ್ಲಿ ಕೂತೆವು. ಮಾತು ಮತ್ತೆ ಶುರುವಾಗಿದೆ, ಜಾಸ್ತಿ ಅಲ್ಲ. ಹೊರಡುವ ಹೊತ್ತಿಗೆ, ರಾತ್ರಿ ಹೊತ್ತು ನಿಮಗೆ ಫೋನ್ ಮಾಡಬಹುದಾ ಅಂತ ಕೇಳಿದ. ನಿಯಮ ಏನಿದೆ ಕೇಳಿ ಹೇಳ್ತೀನಿ ಅಂದೆ. ಸರಿ ಅಂದು ಜಾಕೆಟ್ಟಿನ ಜಿಪ್ ಎಳೆದುಕೊಂಡ.